ತುದಿ

ಶಿಡ್ಲಘಟ್ಟದ ಈ ಓಣಿಯಲ್ಲಿ
ಬೆಳಕಿಗಿಂತ ಮೊದಲು ವಾಸನೆ ಹುಟ್ಟುತ್ತದೆ.
ಬೆಂದ ಗೂಡಿನ ವಾಸನೆ. ಹೊಸಬರು ಮೂಗು ಮುಚ್ಚುತ್ತಾರೆ.
ನನಗದು ಪಕ್ಕದ ಮನೆಯಲ್ಲಿ ಅನ್ನ ಉಕ್ಕಿದ ಹಾಗೆ,
ಇವತ್ತು ಕೆಲಸ ಇದೆ ಅನ್ನುವ ಸುದ್ದಿ.

ಇಪ್ಪತ್ತಾರು ವರ್ಷ, ಒಂದೇ ಬಾನಿ.
ಬಿಸಿನೀರಲ್ಲಿ ತೇಲುವ ಗೂಡುಗಳನ್ನು
ಸವರಿ, ಕೆದಕಿ, ಮತ್ತೆ ಸವರಿ
ತುದಿ ಹುಡುಕುವುದು.
ಸಿಗುವ ತನಕ ಅದು ಬರೀ ಒದ್ದೆ ಉಂಡೆ.
ಸಿಕ್ಕಿತೋ,
ರೈಲುಗೇಟಿನ ತನಕ ಎಳೆದರೂ ಮುಗಿಯದ ನೂಲು.

ಪಕ್ಕದ ಬಾನಿಯ ಹಸೀನಾಬಿ
ಪ್ರತಿ ತುದಿಗೂ ತುಟಿಯಲ್ಲೇ ಒಂದು ಶುಕ್ರ್ ಅನ್ನುತ್ತಾಳೆ.
ದಿನಕ್ಕೆ ಎಷ್ಟಾಗುತ್ತೆ ಅಂತ ಒಮ್ಮೆ ಕೇಳಿದ್ದೆ.
"ಎಣಿಸೋದು ಮಾಲೀಕರ ಕೆಲಸ, ಅಕ್ಕಯ್ಯಮ್ಮಾ.
ಕೂಲಿ ಕೊಡೋರು ಎಣಿಸ್ತಾರೆ" ಅಂದಳು.

ನಾನು ಹಾಗೆಲ್ಲ ಅನ್ನುವವಳಲ್ಲ.
ದೇವರ ಹತ್ತಿರ ನನ್ನದು ಬರೀ ಕೊಡು-ಕೊಳ್ಳುವ ಮಾತು:
ಮಗಳ ಹೆರಿಗೆ ಸಲೀಸು ಮಾಡು,
ಗಂಗಮ್ಮನಿಗೆ ಮಡಿಲು ತುಂಬುತ್ತೇನೆ.
ಮೊಣಕಾಲು ನೋವು ತಗ್ಗಿಸು,
ಶನಿವಾರ ಒಪ್ಪತ್ತು ಇರುತ್ತೇನೆ.
ಹೆರಿಗೆ ಸಲೀಸಾಯಿತು. ಮೊಣಕಾಲು ಹಾಗೇ ಇದೆ.
ಲೆಕ್ಕ ಅರ್ಧಂಬರ್ಧ ನಡೆದಿತ್ತು ನಮ್ಮಿಬ್ಬರ ನಡುವೆ.

ಹೋದ ಮಾಘದಲ್ಲಿ ಹೈಸ್ಕೂಲಿನಲ್ಲಿ ಕಣ್ಣಿನ ಶಿಬಿರ.
ಗೋಡೆಯ ಮೇಲಿನ ಅಕ್ಷರ ನನಗೆ ಓದಲು ಬಾರದು,
ಡಾಕ್ಟರಮ್ಮ ಸೂಜಿ ದಾರ ಕೊಟ್ಟಳು.
ಪೋಣಿಸಿ ತೋರಿಸಿದೆ.
ಆಮೇಲೆ ದೀಪ ಬಿಟ್ಟು ಕಣ್ಣೊಳಗೆ ನೋಡಿದವಳು
"ಇಷ್ಟು ಮಬ್ಬಿನಲ್ಲಿ ಹೇಗಮ್ಮಾ ಪೋಣಿಸಿದೆ?" ಅಂದಳು.

ಅವಳು ಕೇಳುವ ತನಕ ನನಗೇ ಗೊತ್ತಿರಲಿಲ್ಲ,
ಎಷ್ಟು ವರ್ಷದಿಂದಲೋ
ನಾನು ಬೆರಳಲ್ಲಿ ನೋಡುತ್ತಿದ್ದೇನೆ.
ಯಾವ ದಿನ ಕಣ್ಣು ಕೈಬಿಟ್ಟಿತೋ,
ಯಾವ ದಿನ ಬೆರಳು ಆ ಕೆಲಸ ಹೊತ್ತುಕೊಂಡಿತೋ!
ನನಗೆ ಹೇಳದೆ,
ಹರಕೆ ಕೇಳದೆ, ಒಪ್ಪತ್ತು ಕೇಳದೆ,
ಯಾರೋ ಪಾಳಿ ಬದಲಿಸಿದ್ದರು.

ಕನ್ನಡಕ ಬಂದ ದಿನ ಮೊದಲು ನೋಡಿದ್ದು ನೂಲನ್ನಲ್ಲ,
ನನ್ನ ಕೈಯನ್ನು.
ನೀರು ತಿಂದ ಬಿಳುಪು, ಬಿರುಕು,
ಹಿದುಕಿದ ಅವರೆಯ ಸಿಪ್ಪೆಯಂಥ ಬೆರಳ ತುದಿ.
ಇದಾ, ಅಂದುಕೊಂಡೆ.
ಇಷ್ಟು ದಿನ ನನ್ನನ್ನು ನಡೆಸಿದ್ದು ಇದಾ.

ಆದರೆ ಹುಳು?
ಅದೂ ಕಟ್ಟಿಕೊಂಡಿತ್ತಲ್ಲ ಮನೆ,
ಬಾಗಿಲೇ ಇಡದಷ್ಟು ನಂಬಿ ಮಲಗಿತ್ತಲ್ಲ.
ಅದರ ಪಾಲಿನ ದಯೆ ಎಲ್ಲಿ ಬೇಯಿತು?
ಮಧ್ಯಾಹ್ನ ಹಸೀನಾಬಿಯನ್ನು ಕೇಳಿದೆ.
ಬಹಳ ಹೊತ್ತು ಅವಳು ಮಾತಾಡಲಿಲ್ಲ.
ಆಮೇಲೆ ಡಬ್ಬಿ ತೆರೆದು
ಖುಷ್ಕಾದಲ್ಲಿ ಅರ್ಧ ನನ್ನ ಮುಚ್ಚಳಕ್ಕೆ ತಳ್ಳಿದಳು.
ಅದು ಉತ್ತರ ಅಲ್ಲ.
ಆದರೂ ಬಿಸಿಯಾಗಿತ್ತು.

ಈಗ ರಾತ್ರಿ, ಎಣ್ಣೆ ಸವರಿದ ಕೈ ಎದೆಯ ಮೇಲಿಟ್ಟು
ದಿನವನ್ನು ಬಾನಿಗೆ ಹಾಕುತ್ತೇನೆ.
ಸವರುತ್ತೇನೆ, ಕೆದಕುತ್ತೇನೆ.
ನಲ್ಲಿಯ ಹತ್ತಿರ ತನ್ನ ಕೊಡ ಸರಿಸಿ
ನನ್ನದಕ್ಕೆ ಜಾಗ ಮಾಡಿದ ಆ ಪುಟ್ಟ ಹುಡುಗಿ,
ಹೆಸರೂ ಗೊತ್ತಿಲ್ಲ.
ಅಷ್ಟು ಸಾಕು, ಎಳೆ ಸಿಕ್ಕುತ್ತದೆ.
ಅವಳ ಹಿಂದೆ ನೀರು, ನೀರಿನ ಹಿಂದೆ ನೆಲ,
ನೆಲದ ಹಿಂದೆ ಯಾರು ಅನ್ನುವಷ್ಟರಲ್ಲಿ ನಿದ್ದೆ.

ಕೆಲವು ದಿನ ಸಿಗುವುದಿಲ್ಲ.
ಒಳಗಿಂದಲೇ ತೂತು ಬಿದ್ದ ಗೂಡು,
ಎಳೆದಲ್ಲೆಲ್ಲ ತುಂಡಾಗುತ್ತದೆ.
ಪಕ್ಕಕ್ಕೆ ಇಡುತ್ತೇನೆ. ಬಿಸಾಡುವುದಿಲ್ಲ.

ಮಲಗುವ ಮುಂಚೆ
ಗೋಡೆಯ ಗೂಡಿನಲ್ಲಿ ಕನ್ನಡಕ ಇಡುತ್ತೇನೆ.
ನಡುರಾತ್ರಿ ಎಚ್ಚರವಾದರೆ ದೀಪ ಹಚ್ಚುವುದಿಲ್ಲ.
ಅದು ಎಲ್ಲಿದೆ ಅಂತ ಬೆರಳಿಗೆ ಗೊತ್ತು.