ನಾಲ್ಕನೇ ಸೀಟು

ಪರೇಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಲ್ಯಾಬು.
ಕಿಟಕಿಯಿಲ್ಲ. ಲೋಕಲ್ ಹಾದುಹೋದಾಗ
ಗಾಜಿನ ತಟ್ಟೆಗಳು ಸಣ್ಣಗೆ ಹಲ್ಲು ಕಡಿಯುತ್ತವೆ.
ಇಪ್ಪತ್ತಾರು ವರ್ಷದಿಂದ ನನ್ನ ಕಸುಬು
ಮಂದಿಯ ಮಲ ನೋಡುವುದು.
ಮದುವೆಮನೆಯಲ್ಲಿ ಕೇಳಿದರೆ ‘ಪರೀಕ್ಷಾ ವಿಭಾಗ’ ಅನ್ನುತ್ತೇನೆ.
ಮೇಷ್ಟ್ರು ಅಂದುಕೊಳ್ಳುತ್ತಾರೆ,
ಊಟ ಮುಂದುವರಿಯುತ್ತದೆ.

ಆರನೇ ವಾರ್ಡಿನ ಜಲಜಾ ಮೆಂಡನ್.
ಕಾಲಿನ ಹುಣ್ಣಿಗೆಂದು ತಿಂಗಳುಗಟ್ಟಲೆ ನುಂಗಿದ ಮಾತ್ರೆ
ಹುಣ್ಣನ್ನು ಒಣಗಿಸಿತು, ಕರುಳನ್ನೂ ಗುಡಿಸಿಹಾಕಿತು.
ಕಾರ್‌ಶೆಡ್ಡಿಗೆ ಹೊರಟ ಗಾಡಿಯ ಹಾಗೆ, ಒಳಗೆ ಯಾರಿಲ್ಲ.
ಖಾಲಿ ಕಂಡರೆ ಹತ್ತುವವನು ಪುಂಡನೇ.
ಕಾಲು ಚಾಚಿ ಮಲಗಿದ, ಎಬ್ಬಿಸಿದವರ ಮೇಲೆ ಕೈಮಾಡಿದ.
ಮೈಯ ಕಾವಲುಕಣಗಳು ಓಡಿಬಂದು ಲಾಠಿ ಬೀಸಿದವು,
ಕತ್ತಲಲ್ಲಿ ಗುರುತು ಹತ್ತದೆ
ಸೀಟಿಗೂ ಗೋಡೆಗೂ ಸಿಕ್ಕಿದ್ದಕ್ಕೂ.
ದಿನಕ್ಕೆ ಹದಿನಾಲ್ಕು ಸಲ ಎದ್ದು ಓಡಿದಳು ಜಲಜಕ್ಕ.
ಹೊಟ್ಟೆಕಿಚ್ಚು ಅನ್ನುವ ಮಾತನ್ನು ನಾವು
ಎಷ್ಟು ಅಗ್ಗಕ್ಕೆ ಖರ್ಚು ಮಾಡಿಬಿಟ್ಟಿದ್ದೇವೆ!

‘ಇನ್ನು ಮದ್ದಿಲ್ಲ, ನೆರೆಹೊರೆ ಬೇಕು’ ಅಂದರು ಡಾಕ್ಟರ್ ಖಂಬಾಟಾ,
‘ಗಟ್ಟಿ ಹೊಟ್ಟೆಯೊಂದರ ಇಡೀ ನೆರೆಹೊರೆ.’

ಡೊಂಬಿವಲಿಯಿಂದ ಬಂದವಳು ತಂಗಿ, ಅಪ್ಪಿ.
ಲಾಲ್‌ಬಾಗಿನ ಚಾಳಿನ ಖೋಲಿ ಮಾರಿದಂದಿನಿಂದ
ಹನ್ನೊಂದು ವರ್ಷ ಇಬ್ಬರಿಗೂ ಮಾತಿಲ್ಲ.
ಅರ್ಜಿ ತುಂಬುತ್ತ ಕೇಳಿದೆ, ಏನು ತಿನ್ನುತ್ತೀರಿ?
‘ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು. ಬಸಳೆ.
ದಂಟು ಬಿಸಾಡುವವರ ಪೈಕಿ ಅಲ್ಲ ನಾನು.
ಬಂಗುಡೆ ಅಗ್ಗವಾದ ದಿನ ಬಂಗುಡೆ.’
ಆಮೇಲೆ, ಪೆನ್ನು ಕೆಳಗಿಟ್ಟ ಮೇಲೆ:
‘ಅವಳಿಗೆ ನನ್ನ ಹೆಸರು ಹೇಳಬೇಡಿ. ವಾಂತಿ ಮಾಡ್ತಾಳೆ.’

ಮರುದಿನ ಬೆಳಿಗ್ಗೆ ಏಳಕ್ಕೆ
ಆಸ್ಪತ್ರೆಯ ಬಾಟಲಿ ಐಸಿನ ನಡುವೆ,
ಐಸು ಒಂದು ಸ್ಟೀಲಿನ ಡಬ್ಬಿಯಲ್ಲಿ.
ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ:
ಚಂದು ಮೆಂಡನ್, ೧೯೬೮.
ಆ ನೆಲಮಾಳಿಗೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ.

ಐವತ್ತು ಗ್ರಾಂ. ಉಪ್ಪುನೀರು. ಮಿಕ್ಸರಿನಲ್ಲಿ ಎರಡು ಸುತ್ತು.
ತೆಳು ಬಟ್ಟೆಯಲ್ಲಿ ಸೋಸಿದೆ.
ಹೇಸಿಗೆಯೇ? ಹೌದು. ಇಷ್ಟು ವರ್ಷವಾದರೂ ಹೋಗಿಲ್ಲ.
ಆ ನಾತದೊಳಗೆ ಒಂದು ಎಳೆ ಮಾತ್ರ ಪರಿಚಿತ,
ಕಮಟು ಬೆಣ್ಣೆ.
ಬ್ಯುಟಿರೇಟ್ ಅನ್ನುತ್ತಾರೆ, ಹೆಸರಲ್ಲೇ ಬೆಣ್ಣೆಯಿದೆ.
ನಮಗೆ ಅರಗದ ದಂಟಿನ ನಾರನ್ನು
ಕಣ್ಣಿಗೆ ಕಾಣದವರು ಕತ್ತಲಲ್ಲಿ ಕೂತು
ಹುಳಿಬರಿಸಿ ತೆಗೆಯುವ ಬೆಣ್ಣೆ.
ಕರುಳಿನ ಗೋಡೆ ಉಣ್ಣುವುದು ಅದನ್ನೇ.
ಒಂದು ತೊಟ್ಟು ಕಾವಲಿನವನ ಕಿವಿಗೂ ಬೀಳುತ್ತದೆ:
ಲಾಠಿ ಕೆಳಗಿಡು ಮಾರಾಯ,
ಇವರೆಲ್ಲ ದಿನಾ ಬರುವವರೇ.

ಮೂವರ ಹಲಗೆಯ ಮೇಲೆ ಯಾರೋ
ಮುಖ ಎತ್ತದೆಯೇ ಸೊಂಟ ಸರಿಸುತ್ತಾರಲ್ಲ,
ನಾಲ್ಕನೆಯವ ಅರ್ಧ ಕುಂಡೆ ಊರಿ
ದಾದರಿನಿಂದ ಠಾಣೆಯವರೆಗೂ ಕೂತಿರುತ್ತಾನಲ್ಲ, ಹಾಗೆ.
ಪ್ರೀತಿ ಗೀತಿ ಏನಿಲ್ಲ.
ಗಾಡಿ ಹೋಗುತ್ತದೆ.

ಕ್ಷಮಿಸು ಅನ್ನಲು ನಾಲಿಗೆ ಏಳದವರು ನಮ್ಮಲ್ಲಿ
‘ಹೊಟ್ಟೆಗೆ ಹಾಕಿಕೊಳ್ಳಿ’ ಅನ್ನುತ್ತಾರೆ.
ಡಾಕ್ಟರ್ ಖಂಬಾಟಾ ಕೊಳವೆಯಿಳಿಸಿ ಮಾಡಿದ್ದೂ ಅದನ್ನೇ,
ಬೇರೆ ದಾರಿಯಿಂದ.

ನಾಲ್ಕನೆಯ ದಿನ ಜಲಜಕ್ಕ ರಾತ್ರಿಯಿಡೀ ನಿದ್ದೆ ಮಾಡಿದಳು.
ನಾನು ಡಬ್ಬಿಯನ್ನು ಮೂರು ಸಲ ತೊಳೆದು, ಕುದಿಸಿ,
ಅವಳ ಮಂಚದ ಪಕ್ಕದ ಕಪಾಟಿನ ಮೇಲಿಟ್ಟು ಬಂದೆ.
ನಿಯಮಕ್ಕೆ ವಿರುದ್ಧ, ಗೊತ್ತು.
ಹೆಸರನ್ನಂತೂ ನಾನು ಹೇಳಲಿಲ್ಲ.
ಅವಳು ಮುಚ್ಚಳದ ಮೇಲೆ ಬೆರಳಾಡಿಸಿದಳಂತೆ,
ಕುರುಡರು ಓದುವ ಹಾಗೆ.
ಸಿಸ್ಟರ್ ಹೇಳಿದ್ದು.

ಸಂಜೆ ಡಬ್ಬಿ ಕೆಳಗೆ ಬಂತು.
ಅಲುಗಿಸಿದರೆ ಸದ್ದು.
ಪರೇಲಿನ ಸೇತುವೆಯ ಮೇಲೆ ಅಪ್ಪಿಗೆ ಕೊಟ್ಟೆ,
ಜನ ನಮ್ಮಿಬ್ಬರನ್ನೂ ತಳ್ಳುತ್ತ ಇಳಿಯುತ್ತಿದ್ದರು.
ಮುಚ್ಚಳ ತೆಗೆದು ನೋಡಿದಳು:
ವಾರ್ಡಿನ ಚಹಾದ ಜೊತೆ ಕೊಡುವ ಗ್ಲೂಕೋಸ್ ಬಿಸ್ಕೀಟು,
ಎರಡು.

‘ಎರಡೇ?’ ಅಂದಳು. ‘ಮೊದಲಿಂದಲೂ ಕೈ ಬಿಗಿ ಅವಳದು.’
ಒಂದನ್ನು ಅಲ್ಲೇ ನಿಂತು ತಿಂದಳು.
ಇನ್ನೊಂದರ ಮೇಲೆ ಮುಚ್ಚಳ ಒತ್ತಿ
ಕಲ್ಯಾಣ ಸ್ಲೋ ಹಿಡಿಯಲು ಓಡಿದಳು.