ಒಂಬತ್ತು ಪಾಯಿಂಟ್ ಎರಡು

ಅಜ್ಮಾನಿನ ನರ್ಸಿಂಗ್ ಕಾಲೇಜಿನ ಲ್ಯಾಬಿನಲ್ಲಿ
ಒಬ್ಬರ ಬೆರಳಿಗೆ ಇನ್ನೊಬ್ಬರ ಸೂಜಿ.
ನನ್ನ ಹನಿ ನೋಡಿ ಇಲ್ಹಾಮ್ ಅಂದಳು:
"ಒಂಬತ್ತು ಪಾಯಿಂಟ್ ಎರಡು. ನೀನೇ ಪೇಷಂಟು."

ತಿಂಗಳಿಗೆ ಕೈಯಲ್ಲುಳಿಯುವುದು ನೂರೈವತ್ತು ದಿರ್ಹಮ್.
ಅದರಲ್ಲೇ ಬಸ್ಸು, ಝೆರಾಕ್ಸು, ಹೊಟ್ಟೆ.
ಹೊಟ್ಟೆಗೆ ಇಷ್ಟು ದಿನ ಖುಬೂಸು, ಚಹಾ,
ಮತ್ತೆ ಖುಬೂಸು.

ಹಾಸ್ಟೆಲಿನ ಹಿಂದೆ, ವಿಲ್ಲಾದ ಗೋಡೆಯಿಂದ
ಬೀದಿಗೆ ಬಾಗಿದ್ದು ನುಗ್ಗೆ ಎಂದು
ಆಮೇಲೆ ಕಣ್ಣಿಗೆ ಬಿತ್ತು.
ಎರಡು ವರ್ಷ ಅದರ ನೆರಳಲ್ಲೇ ಬಸ್ಸಿಗೆ ಕಾದಿದ್ದೆ!
ಮಾಲಿ ರೊಫಿಕುಲ್ ಕೊಂಬೆ ಸವರಿ
ಕಸದ ಡಬ್ಬಕ್ಕೆ ತುರುಕುತ್ತಿದ್ದ.
ಕೇಳಿದೆ.
"ಆಡಿಗಾ?" ಅಂದ.
"ನನಗೆ."

ಆ ರಾತ್ರಿ ಮಂಚದ ಮೇಲೆ ಪೇಪರು ಹಾಸಿ
ಮೂವರೂ ಕೂತು ಎಲೆ ಬಿಡಿಸಿದೆವು.
ಬಕಾಲೆಯಿಂದ ಮೂರು ದಿರ್ಹಮಿನ ಹೆಸರುಬೇಳೆ,
ಯಾರದೋ ಡಬ್ಬಿಯ ಬೆಳ್ಳುಳ್ಳಿ,
ಕೊನೆಗೆ ಅರ್ಧ ನಿಂಬೆ:
ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕೆಂದು
ಪರೀಕ್ಷೆಯಲ್ಲಿ ಬರೆದು ಎರಡು ಅಂಕ ಪಡೆದಿದ್ದೆ,
ಬಾಣಲೆಗೆ ಹಿಂಡಿದ್ದು ಈಗಲೇ.

ಮರುದಿನ ಒಂದು ಡಬ್ಬಿ ರೊಫಿಕುಲನಿಗೆ.
ನೀರಿನ ಪೈಪು ಬದಿಗಿಟ್ಟು
ನಿಂತೇ ತಿಂದ, ತಳ ಕೆರೆದು.
"ಉಪ್ಪು ಜಾಸ್ತಿ" ಅಂದ.
ಪೈಪಿನ ನೀರಲ್ಲಿ ಡಬ್ಬಿ ತೊಳೆದು ಕೊಟ್ಟ.

ಸೂಜಿಗೆ ಇನ್ನೂ ಆರು ವಾರ.
ಮುಂದಿನ ಕೊಂಬೆ ಮಂಗಳವಾರ.