ಎರಡು ಕಟ್ಟದ ರಾಗ

ಪೈವಳಿಕೆಯ ಕುಸುಮಕ್ಕನಿಗೆ ರಾಗದ ಹೆಸರು ಗೊತ್ತಿಲ್ಲ.
ಇದು ಒಂದು ಕಟ್ಟದ್ದು, ಇದು ಎರಡು ಕಟ್ಟದ್ದು
ಎನ್ನುತ್ತಾಳೆ. ಕಟ್ಟ ಅಂದರೆ ಇಪ್ಪತ್ತೈದು ಬೀಡಿ.

ಬೆಳಿಗ್ಗೆ ಮಂಗಳೂರು ಸ್ಟೇಷನ್ನು.
ನೆನೆದ ಎಲೆ ಮಡಿಲ ತಡ್ಪೆಯಲ್ಲಿ.
ಯಾರೋ ಹೆಂಗಸು ಒಂದೇ ಸ್ವರಕ್ಕೆ ಜೋತುಬಿದ್ದಿದ್ದಾಳೆ,
ಬಾವಿಗೆ ಬಿದ್ದ ಕೊಡಪಾನಕ್ಕೆ
ಪಾತಾಳಗರಡಿ ಇಳಿಸಿದ ಹಾಗೆ:
ಸಿಕ್ಕಿತು, ಇಲ್ಲ, ಜಾರಿತು,
ಹಾಂ, ಈಗ.
ಅಷ್ಟರಲ್ಲಿ ಹದಿನೇಳು.

ಹತ್ತೂವರೆಗೆ ಡಾಕ್ಟರರ ಭಾಷಣ. ಹೊಗೆ, ಶ್ವಾಸಕೋಶ.
ನಬೀಸಾ ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದಳು.
'ಪಾಪ, ಒಳ್ಳೆ ಸ್ವರ ಅವರದ್ದು'
ಎಂದಳು ಕುಸುಮಕ್ಕ, ನೂಲು ಸುತ್ತುತ್ತ.
ಯಾರೂ ಆಫ್ ಮಾಡಲಿಲ್ಲ.

ಮಧ್ಯಾಹ್ನವಾದರೆ ಕಣ್ಣೂರು ನುಗ್ಗುತ್ತದೆ.
ವೀಣೆಯ ತಂತಿಗಳ ನಡುವೆ ಮಲಯಾಳದ ಹವಾಮಾನ,
ಕಡಲಿಗೆ ಇಳಿಯಬೇಡಿ, ಇಳಿಯಬೇಡಿ.
ಮುಳ್ಳು ತಿರುಗಿಸಲು ಯಾರ ಕೈಯೂ ಖಾಲಿಯಿಲ್ಲ.
ಎರಡನ್ನೂ ಕೇಳಿದೆವು.

ಸಂಜೆ ಬ್ರಾಂಚಿನಲ್ಲಿ
ಚೆಕ್ಕರ್ ಹದಿನಾಲ್ಕು ಬೀಡಿ ಬದಿಗೆಸೆದ.
ಸಡಿಲ, ಎಂದ, ತಲೆ ಎತ್ತದೆ.
ಕುಸುಮಕ್ಕ ಒಂದನ್ನೆತ್ತಿ ಹೊರಳಿಸಿ ನೋಡಿದಳು,
ಮರೆತ ನೆಂಟರನ್ನು ಗುರುತಿಸುವವಳಂತೆ.
'ಹೌದು ಮಾರಾಯ, ಇವು ಮೃದಂಗದವನನ್ನು
ಒಬ್ಬನೇ ಬಿಟ್ಟಾಗಿನವು.
ಹಿಡಿದುಕೋ ಅದರ ದುಡ್ಡು.'